ಮರುಭೂಮಿಯ ಜೂಜುಕಟ್ಟೆ

ನಿವೃತ್ತಿಯ ಬಳಿಕ ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗಿ ಐದಾರು ತಿಂಗಳು ಇದ್ದು ಬರುವ ಹಿರಿಯರು ಪುಣೆಯ ಕನ್ನಡಿಗರಲ್ಲಿ ಅನೇಕರಿದ್ದಾರೆ. ಅವರನ್ನು ಮಕ್ಕಳು ನಯಾಗರಕ್ಕೆ ಕರೆದೊಯ್ಯುವಂತೆಯೇ ಲಾಸ್ ವೇಗಾಸಿಗೂ ಕರೆದೊಯ್ಯುವುದುಂಟು. ಆ ನಗರದ ವೈಭವವನ್ನು ಬಣ್ಣಿಸಿದವರು ಬಹಳ ಮಂದಿ. ನಾನು ಹೇಳಹೊರಟಿರುವುದು ಅದೇ ನೆವಾಡ ರಾಜ್ಯದ ದಕ್ಷಿಣ ತುದಿಯಲ್ಲಿ, ಕೊಲೊರಾಡೊ ನದಿಯ ದಡದಲ್ಲಿರುವ ಲಾಫ್ಲಿನ್ ಎಂಬ ಸಣ್ಣ ಊರಿನ ವಿಚಾರ.

2024ರ ಫೆಬ್ರವರಿಯಲ್ಲಿ ಲಾಸ್ ಏಂಜಲಿಸಿನಲ್ಲಿರುವ ಅಕ್ಕ-ಭಾವನವರೊಡನೆ ಅಲ್ಲಿಗೆ ಹೋಗಿದ್ದೆ. ಪುಣೆಯಿಂದ ಹುಬ್ಬಳ್ಳಿಗಿರುವಷ್ಟು ದೂರ, ಕೊಂಚ ಹೆಚ್ಚೇ. ಭಾವನವರು ಬಾಡಿಗೆಗೆ ಪಡೆದಿದ್ದುದು ಆರ್.ವಿ. ಎಂಬ ವಾಹನ, ಗಾಲಿಗಳ ಮೇಲಿನ ಮನೆಯೆನ್ನಬಹುದು. ಅದರಲ್ಲಿ ಹಾಸಿಗೆ, ಅನಿಲದ ಒಲೆ, ಶೀತಕಪೆಟ್ಟಿಗೆ, ಶೌಚಗೃಹ ಎಲ್ಲವೂ ಇವೆ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ ಅದರ ಮಗ್ಗುಲಲ್ಲೇ ಒಲೆ ಹೂಡುತ್ತಿದ್ದ ನಮ್ಮ ಹಿರಿಯರಿಗೆ ಈ ಕಲ್ಪನೆ ಹೊಸದೆನಿಸಲಾರದು. ಮಲಿನಜಲದ ತೊಟ್ಟಿಯನ್ನು ಕೊಳವೆ ಜೋಡಿಸಿ ತಾವೇ ಬರಿದುಮಾಡಬೇಕೆಂಬುದು ಮಾತ್ರ ಜಾಹೀರಾತಿನ ಚಿತ್ರಗಳಲ್ಲಿ ಕಾಣಿಸುವುದಿಲ್ಲ!

ನೆವಾಡದಲ್ಲಿ ಜೂಜು 1931ರಲ್ಲಿ ಶಾಸನಬದ್ಧವಾಯಿತು. 1964ರಲ್ಲಿ ಡಾನ್ ಲಾಫ್ಲಿನ್ ಎಂಬಾತ ಈ ಬರಡು ದಡದಲ್ಲಿ ಮುಚ್ಚಿಹೋಗಿದ್ದ ಒಂದು ವಸತಿಗೃಹವನ್ನು ಕೊಂಡುದೇ ಊರಿನ ಮೂಲ. ಬೇಸಿಗೆಯಲ್ಲಿ ಇಲ್ಲಿ ನಿಲ್ಲುವುದು ಕಷ್ಟ; 1994ರ ಜೂನ್ 29ರಂದು ಉಷ್ಣತೆ 51.7 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಚಳಿಗಾಲದಲ್ಲಿಯಾದರೋ ಹಿಮ ಬೀಳುವ ಉತ್ತರದ ಪ್ರದೇಶಗಳಿಂದ ವೃದ್ಧ ದಂಪತಿಗಳು ಇಂಥ ಮನೆಗಾಡಿಗಳಲ್ಲಿ ಬಂದು ವಾರಗಟ್ಟಲೆ ಬೀಡುಬಿಡುತ್ತಾರೆ. ಬೆಳಗಿನ ಎಂಟಕ್ಕೇ ಯಂತ್ರಗಳ ಮುಂದೆ ಕುಳಿತ ನರೆತ ತಲೆಗಳನ್ನು ಕಂಡು ನನಗೆ ನೆನಪಾದುದು ತಿಂಗಳ ಮೊದಲ ದಿನ ನಮ್ಮ ಬ್ಯಾಂಕಿನಲ್ಲಿ ನೆರೆಯುವ ಪಿಂಚಣಿದಾರರ ಸಾಲು.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಲೆಕ್ಕ ಹಾಕದಿರುವುದು ಸಾಧ್ಯವಾಗಲಿಲ್ಲ. ಅಲ್ಲಿನ ರೂಲೆಟ್ ಚಕ್ರದಲ್ಲಿ ಸಾಮಾನ್ಯವಾಗಿ 38 ಮನೆಗಳು. ಒಂದೊಂದಕ್ಕೂ ಒಂದು ಡಾಲರ್ ಕಟ್ಟಿದರೆ ಹೂಡಿದ್ದು 38, ಕೈಗೆ ಬರುವುದು 36. ನಷ್ಟ ಶೇಕಡಾ 5.26. ಮುದ್ದತಿ ಠೇವಣಿಯ ಬಡ್ಡಿಯಂತೆ ಸೌಮ್ಯವಾಗಿ ತೋರುವ ಈ ದರ ವಾರ್ಷಿಕವಲ್ಲ, ಚಕ್ರದ ಪ್ರತಿ ಸುತ್ತಿನದು. ನೂರು ಡಾಲರ್ ಹಿಡಿದು ಬಂದವನು ಸುತ್ತಿಗೆ ಐದರಂತೆ ಗಂಟೆಗೆ ನಲವತ್ತು ಸುತ್ತು ಆಡಿದರೆ ವಹಿವಾಟು 200 ಡಾಲರ್. ಸರಾಸರಿ ನಷ್ಟ ಹತ್ತೂವರೆ. ಹತ್ತು ಗಂಟೆಗಳಲ್ಲಿ ಮೂಲಧನವೇ ಕರಗಿತು. ನಡುವೆ ಗೆಲ್ಲುವವರೂ ಇರುತ್ತಾರೆ. ಆದರೆ ಗೆದ್ದದ್ದನ್ನು ಮತ್ತೆ ಕಟ್ಟಿದಾಗ ಅದರ ಮೇಲೂ ಇದೇ ದರ. ಜೂಜುಕಟ್ಟೆಗೆ ಮೋಸ ಬೇಕಿಲ್ಲ, ಆಟಗಾರನ ಸಮಯ ಸಾಕು. ಬಾಗಿಲಲ್ಲೇ ಮನೆ ನಿಲ್ಲಿಸಿಕೊಂಡ ನಿವೃತ್ತರ ಬಳಿ ಇರುವುದು ಅದೇ ಅಲ್ಲವೆ?

ಇದು ದೂರದೇಶದ ಸಂಗತಿಯೆಂದು ವಾಚಕರು ಭಾವಿಸಬೇಕಾಗಿಲ್ಲ. ಮಹಾರಾಷ್ಟ್ರವು 1976ರಲ್ಲಿ ಕ್ಯಾಸಿನೊ ಕಾಯಿದೆ ಮಾಡಿ, ಜಾರಿಗೆ ತರದೆ, 2023ರಲ್ಲಿ ರದ್ದುಪಡಿಸಿತು. ಆದರೆ ಪುಣೆಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಪಣಜಿ. ಅಲ್ಲಿ ಮಾಂಡವಿ ನದಿಯಲ್ಲೇ ಜೂಜಿನ ಹಡಗುಗಳಿವೆ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಷ್ಟೇ ಅಂಗೀಕರಿಸಿತು.

ಅಮೆರಿಕದ ಮನೋವೈದ್ಯರ ಸಂಘವು ಜೂಜಿನ ಗೀಳನ್ನು 1980ರಲ್ಲಿ ವ್ಯಾಧಿಯೆಂದು ಪರಿಗಣಿಸಿತು. 2013ರಲ್ಲಿ ಮದ್ಯ, ಮಾದಕವಸ್ತುಗಳ ಚಟದ ವರ್ಗಕ್ಕೇ ಸೇರಿಸಿತು. ಈ ರೋಗಿಯ ಬಾಯಲ್ಲಿ ವಾಸನೆಯಿಲ್ಲ, ನಡಿಗೆಯಲ್ಲಿ ತೂರಾಟವಿಲ್ಲ. ಗ್ರಾಹಕರ ಗುಟ್ಟು ಹೇಳುವುದು ನಮ್ಮ ವೃತ್ತಿಗೆ ಸಲ್ಲದು. ಆದರೂ ಲಕ್ಷಣಗಳನ್ನು ಹೇಳಬಹುದು. ಅವಧಿಗೆ ಮುನ್ನ ಒಂದರ ಹಿಂದೊಂದು ಠೇವಣಿ ಮುರಿಸುವುದು, ಪಿಂಚಣಿ ಬಂದ ವಾರದೊಳಗೆ ಸಾಲ ಕೇಳುವುದು, ಪಾಸ್‌ಬುಕ್ಕನ್ನು ಮನೆಯವರಿಂದ ಮರೆಸುವುದು.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಔಷಧಿಗಳು ಕೆಲವರಲ್ಲಿ, ಎಂದೂ ಎಲೆ ಮುಟ್ಟದವರಲ್ಲಿಯೂ, ಜೂಜಿನ ತಡೆಯಲಾರದ ಹಂಬಲವನ್ನುಂಟುಮಾಡುತ್ತವೆ. ಅಪ್ಪನಿಗೆ ಇಳಿವಯಸ್ಸಿನಲ್ಲಿ ಬುದ್ಧಿಗೆಟ್ಟಿತೆಂದು ಮಕ್ಕಳು ಜರೆಯುವ ಮುನ್ನ ಮಾತ್ರೆಯ ಹೆಸರು ನೋಡಲಿ. ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು, ಅದು ಅಪಾಯಕರ. ವೈದ್ಯರು ಪ್ರಮಾಣ ತಗ್ಗಿಸಿದರೆ ಅಥವಾ ಬದಲಿಸಿದರೆ ಹಂಬಲ ಸಾಮಾನ್ಯವಾಗಿ ಇಳಿಯುತ್ತದೆ. ವೈದ್ಯರೆದುರು ಬಾಯಿಬಿಡಲು ಸಂಕೋಚಪಡುವವರು ಕೇಂದ್ರ ಸರ್ಕಾರದ ಟೆಲಿಮಾನಸ್ ದೂರವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆಮಾಡಬಹುದು. ಆ ಸೇವೆ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಇದೆ.