ಮಗ್ಗದೂರಿನಲ್ಲಿ ಮುದ್ದೆಗೂ ಪುರುಸೊತ್ತಿಲ್ಲ!

ಬೆಳಿಗ್ಗೆ ಏಳು ಗಂಟೆಗೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಬರುತ್ತಾರೆ. ತಲೆಗೆ ಹೂವು, ಹೆಗಲಿಗೆ ವ್ಯಾನಿಟಿ ಬ್ಯಾಗು, ಕೈಯಲ್ಲಿ ಊಟದ ಬ್ಯಾಗು. ಆ ಊಟದ ಬ್ಯಾಗಿನೊಳಗೆ ಏನಿದೆ ಅಂತ ಪರಸ್ಥಳದ ಗಂಡಸು ಕೇಳುವುದು ಮರ್ಯಾದೆಯಲ್ಲ. ಆದರೂ ಪತ್ರಿಕೆಯವನು ಅಂದಮೇಲೆ ಕೇಳಲೇಬೇಕು. ಕೇಳಿದೆ.

"ಚಿತ್ರಾನ್ನ ಕಣಣ್ಣ. ನಿನ್ನೆ ಪುಳಿಯೋಗರೆ, ನಾಳೆ ಟೊಮ್ಯಾಟೊ ಬಾತು. ಹೆಸರು ಬೇರೆ, ಅನ್ನ ಒಂದೇ" ಎಂದು ನಕ್ಕರು ಮೂವತ್ತೈದರ ಆಸುಪಾಸಿನ ಒಬ್ಬ ತಾಯಿ.

"ಬೆಳಿಗ್ಗೆ ಏನ್ ತಿಂದ್ರಿ ಅಕ್ಕ?"

"ಟೀ ಕುಡ್ದೆ."

"ಟೀ ಆಯ್ತು. ತಿಂದಿದ್ದೇನು?"

"ಎರಡು ಬಿಸ್ಕತ್ತು. ಅದೂ ಇವತ್ತು ಡಬ್ಬೀಲಿ ಇತ್ತು ಅಂತ."

ಈಕೆ ಏಳುವುದು ನಾಲ್ಕೂವರೆಗೆ. ಗಂಡನಿಗೆ, ಇಬ್ಬರು ಮಕ್ಕಳಿಗೆ, ಅತ್ತೆಗೆ ಎಲ್ಲಾ ಮಾಡಿಟ್ಟು, ಡಬ್ಬಿಗಳನ್ನು ಕಟ್ಟಿ ಏಳಕ್ಕೆ ಬಸ್ಸು. ಮಧ್ಯಾಹ್ನ ಒಂದಕ್ಕೆ ತಣ್ಣಗಾದ ಚಿತ್ರಾನ್ನ. ರಾತ್ರಿ ಎಲ್ಲರದ್ದೂ ಆದಮೇಲೆ ತಪ್ಪಲೆಯಲ್ಲಿ ಉಳಿದಿದ್ದು. ಆರು ತಿಂಗಳ ಹಿಂದೆ ಕಣ್ಣು ಕತ್ತಲೆ ಬಂದಂತಾಗಿ ಆಸ್ಪತ್ರೆಗೆ ಹೋದರಂತೆ. ರಕ್ತ ಕಮ್ಮಿ ಅಂದರಂತೆ. ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ.

"ಮಾತ್ರೆ ತಗೊಳ್ತಾ ಇದ್ದೀರಾ?"

"ಒಂದಿನಾನೂ ತಪ್ಪಿಸಿಲ್ಲ ಕಣಣ್ಣ. ದಿನಾ ಬೆಳಿಗ್ಗೆ ಟೀ ಜತೆ ನುಂಗ್ತೀನಿ. ಆದ್ರೂ ಸುಸ್ತು ಹೋಗಿಲ್ಲ."

ಇಲ್ಲಿ ಓದುಗ ಮಹಾಶಯರು ಒಂದು ನಿಮಿಷ ನಿಲ್ಲಬೇಕು. ಟೀ, ಕಾಫಿಯಲ್ಲಿರುವ ಒಗರು ಅಂಶ ಹೊಟ್ಟೆಯೊಳಗಿನ ಕಬ್ಬಿಣಾಂಶವನ್ನು ಹಿಡಿದುಕೊಂಡುಬಿಡುತ್ತದೆ. ರಕ್ತಕ್ಕೆ ಸೇರಬೇಕಾದ್ದು ಸೇರದೆ ಆಚೆ ಹೋಗುತ್ತದೆ. ಸರ್ಕಾರ ಪುಕ್ಕಟೆ ಕೊಟ್ಟ ಮಾತ್ರೆ, ಈಕೆ ತಪ್ಪದೆ ನುಂಗಿದ ಮಾತ್ರೆ, ಅದರ ಬಹುಪಾಲು ಟೀ ಲೋಟದಲ್ಲೇ ಮುಳುಗಿಹೋಯಿತು! ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಕಾಫಿ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಮಾತ್ರೆಗೂ ಅದೇ ಲೆಕ್ಕ. ನಿಂಬೆಹಣ್ಣಿನ ಶರಬತ್ತಿನ ಜತೆ ನುಂಗಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಇಷ್ಟು ಮಾತನ್ನು ಮಾತ್ರೆಯ ಜತೆ ಹೇಳಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ.

ಈಕೆ ಒಬ್ಬರ ಕಥೆಯಲ್ಲ ಇದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಎಂದು ತಿಳಿದರೆ ಸಾಕು.

ಹೊಲದಲ್ಲಿ ರಾಗಿ, ಡಬ್ಬಿಯಲ್ಲಿ ಅಕ್ಕಿ

ವಿಚಿತ್ರ ನೋಡಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕೂ ತಾಲ್ಲೂಕು ರಾಗಿಯ ಸೀಮೆ. 2008ರಲ್ಲಿ ವಿಮಾನ ನಿಲ್ದಾಣ ಬಂತು, ಹೊಲಗಳೆಲ್ಲ ಸೈಟುಗಳಾದವು, ಆದರೂ ಉಳಿದ ಹೊಲದಲ್ಲಿ ಮಳೆ ಬಿದ್ದರೆ ಬಿತ್ತುವುದು ರಾಗಿಯನ್ನೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಕಬ್ಬಿಣದಲ್ಲೂ ಅಷ್ಟೆ, ರಾಗಿಯಲ್ಲಿ ನಾಲ್ಕು ಮಿಲಿಗ್ರಾಂನಷ್ಟು, ಬಿಳಿ ಅಕ್ಕಿಯಲ್ಲಿ ಒಂದೂ ಇಲ್ಲ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ರಾಮನ ಮುಂದೆ ಪಂಚಾಯ್ತಿ ಮಾಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಗಿಯನ್ನೇ ಗೆಲ್ಲಿಸಿದರು. ನಮ್ಮ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ರಾಗಿ ಬ್ರಹ್ಮ ಅಂತಲೇ ಕರೆದರು. ಆ ತಳಿಗಳ ಪುಣ್ಯದಿಂದ ಎಷ್ಟೋ ಮನೆಗಳ ಕಣಜ ತುಂಬಿತು. 2023ರಲ್ಲಿ ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಆಚರಿಸಿತು. ಬೆಂಗಳೂರಿನ ಮಾಲ್‌ಗಳಲ್ಲಿ ರಾಗಿ ಬಿಸ್ಕತ್ತಿಗೆ ಬೆಲೆ ಬಂತು.

ರಾಗಿ ಬೆಳೆಯುವವರ ಮನೆಯ ಡಬ್ಬಿಗೆ ಮಾತ್ರ ಚಿತ್ರಾನ್ನ ಬಂತು. ಯಾಕೆ?

"ಮುದ್ದೆ ಡಬ್ಬೀಗೆ ಹಾಕ್ಕೊಂಡ್ ಹೋಗಕ್ಕಾಗ್ತದಾ? ಮಧ್ಯಾಹ್ನದ ಹೊತ್ತಿಗೆ ಕಲ್ಲಾಗಿರ್ತದೆ. ಜತೇಲಿರೋರು ನಗ್ತಾರೆ ಬೇರೆ." ಇದು ಒಬ್ಬರ ಮಾತಲ್ಲ, ಕೇಳಿದವರೆಲ್ಲರೂ ಹೇಳಿದ್ದು. ಮಾತು ನ್ಯಾಯವಾದದ್ದೇ. ಎಸರಿಟ್ಟು, ಹಿಟ್ಟು ಹಾಕಿ, ಬೇಯಿಸಿ, ಕೋಲಿನಲ್ಲಿ ತಿರುವಿ, ಬಿಸಿ ಮುದ್ದೆ ಕಟ್ಟುವುದು ನಾಲ್ಕೂವರೆಗೆ ಎದ್ದವಳ ಕೆಲಸವಲ್ಲ. ಮುದ್ದೆ ಉಣ್ಣಿ ಅಂತ ವೇದಿಕೆಯ ಮೇಲೆ ಭಾಷಣ ಮಾಡುವ ಗಂಡಸರು ಎಷ್ಟು ಜನ ಕೋಲು ಹಿಡಿದಿದ್ದಾರೆ ಎನ್ನುವುದೂ ಒಂದು ಪ್ರಶ್ನೆಯೇ.

ಆದರೆ ಇದೇ ಸೀಮೆಯ ಮುದುಕಿಯರು ಇದಕ್ಕೊಂದು ಉಪಾಯ ಇಟ್ಟುಕೊಂಡಿದ್ದರು. ಹುರಿಹಿಟ್ಟು. ರಾಗಿಯನ್ನು ತೇವ ಮಾಡಿ, ಕಾದ ಬಾಣಲಿಯಲ್ಲಿ ಮಲ್ಲಿಗೆ ಅರಳಿದಂತೆ ಅರಳು ಹುರಿದು, ಬೀಸಿ ಡಬ್ಬಿಗೆ ತುಂಬಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಹಂಗೇ ಇಲ್ಲ. ಒಂದು ಲೋಟ ಮಜ್ಜಿಗೆಗೆ ಮೂರು ಚಮಚ ಹಿಟ್ಟು, ಚಿಟಿಕೆ ಉಪ್ಪು. ಮಕ್ಕಳಿಗಾದರೆ ಹಾಲು, ಚೂರು ಬೆಲ್ಲ. ಎರಡು ನಿಮಿಷದಲ್ಲಿ ಆಗುತ್ತದೆ ಅಂತ ಟಿವಿಯಲ್ಲಿ ನೂಡಲ್ಸ್ ಮಾರುತ್ತಾರಲ್ಲ, ಇದು ಒಂದೇ ನಿಮಿಷ. ಅರಳು ಹುರಿಯಲು ಬಾರದವರು ರಾಗಿ ಮೊಳಕೆ ಕಟ್ಟಿ ಒಣಗಿಸಿ ಬೀಸಿಸಬಹುದು. ಮೊಳಕೆ ಬಂದ ಕಾಳಿನಲ್ಲಿ ಕಬ್ಬಿಣ ಮೈಗೆ ಹತ್ತುವುದೂ ಹೆಚ್ಚು. ಅಂಗಡಿಯ ಬಣ್ಣದ ಡಬ್ಬಿಯ ರಾಗಿ ಮಾಲ್ಟು ಕೊಳ್ಳುವವರು ಹಿಂಬದಿಯ ಚೀಟಿ ಓದಿ. ಮೊದಲ ಹೆಸರು ಸಕ್ಕರೆಯದ್ದಾಗಿದ್ದರೆ ನೀವು ಕೊಂಡದ್ದು ಸಕ್ಕರೆ.

ಒಂದೇ ತಪ್ಪಲೆ, ಎರಡು ಅಡುಗೆ

ಪುರುಸೊತ್ತಿಲ್ಲದ ಮನೆಗೆ ಬಸ್ಸಾರಿನಂಥ ಅಡುಗೆ ಇನ್ನೊಂದಿಲ್ಲ ಎಂದು ಈ ಬಾತ್ಮೀದಾರನ ಅಭಿಪ್ರಾಯ. ರಾತ್ರಿ ಮಲಗುವ ಮುಂಚೆ ಒಂದು ಪಾವು ಹೆಸರುಕಾಳೋ, ತಡಗುಣಿ ಕಾಳೋ, ಹುರುಳಿಯೋ ನೆನೆಹಾಕಿ. ಬೆಳಿಗ್ಗೆ ಕುಕ್ಕರ್‌ಗೆ ಹಾಕಿ ಕೂಗಿಸಿ, ಕೊನೆಗೆ ಸೊಪ್ಪು ಸೇರಿಸಿ ಬೇಯಿಸಿ, ಬಸಿಯಿರಿ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಖಾರ ರುಬ್ಬಿ ಹಾಕಿದರೆ ಸಾರು. ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಲ್ಯ ಡಬ್ಬಿಗೆ, ಸಾರು ರಾತ್ರಿಯ ಮುದ್ದೆಗೆ. ಹುರುಳಿ 100 ಗ್ರಾಂನಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನು, ಕಿಲೋಗಟ್ಟಲೆ ಮಾಂಸ ತರಲಾಗದ ಮನೆಗೆ ಇದೇ ಬಲ. ತಿನ್ನುವ ಮುಂಚೆ ಅರ್ಧ ಹೋಳು ನಿಂಬೆ ಹಿಂಡಿಕೊಂಡರೆ ಸೊಪ್ಪು ಕಾಳಿನ ಕಬ್ಬಿಣಕ್ಕೂ ದಾರಿ ಸಿಗುತ್ತದೆ.

ಚಿತ್ರಾನ್ನ ಬಿಡಿ ಅಂತಲೂ ಹೇಳುವುದಿಲ್ಲ. ಅದರ ಮಗ್ಗುಲಲ್ಲಿ ಒಂದು ಹಿಡಿ ಪಲ್ಯ, ಒಂದು ಬೇಯಿಸಿದ ಮೊಟ್ಟೆ ಇಟ್ಟರೆ ಅದೇ ಡಬ್ಬಿ ಬೇರೆಯಾಗುತ್ತದೆ.

ಸೊಪ್ಪಿನ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಹಿಂದೆ ಹೊಲದ ಬದುವಿನಲ್ಲಿ ಅಣ್ಣೆ, ಹೊನಗೊನ್ನೆ, ದೊಗ್ಗಲಿ ಅಂತ ಹತ್ತಾರು ಜಾತಿಯ ಬೆರಕೆ ಸೊಪ್ಪು ಮಡಿಲು ತುಂಬ ಕಿತ್ತು ತರುತ್ತಿದ್ದರು. ಕಾಸು ಖರ್ಚಿಲ್ಲ. ಈಗ ಬದುವೂ ಹೋಯಿತು, ಉಳಿದ ಕಡೆ ಕಳೆನಾಶಕ ಹೊಡೆಯುತ್ತಾರೆ. ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಕೊಳಚೆ ನೀರು ಬಿಡಬೇಡಿ ಎಂದು ಆ ಊರಿನವರು ವರ್ಷಗಟ್ಟಲೆ ಹೋರಾಡಿದ್ದು ಎಲ್ಲರಿಗೂ ಗೊತ್ತು. ಕೆರೆ ಕೆಟ್ಟರೆ ಊಟದ ತಟ್ಟೆಗೂ ಬಂದು ಮುಟ್ಟುತ್ತದೆ. ಕೊಂಡ ಸೊಪ್ಪನ್ನು ಮೂರು ನೀರಿನಲ್ಲಿ ಜಾಲಾಡಿ ತೊಳೆಯಿರಿ. ಹಿತ್ತಲಿನಲ್ಲಿ ನಾಲ್ಕಡಿ ಜಾಗವಿದ್ದರೆ ಒಂದು ನುಗ್ಗೆ ಕೊಂಬೆ ನೆಡಿ. ಅದು ಯಾರನ್ನೂ ಕೇಳದೆ ಬೆಳೆಯುತ್ತದೆ.

ಕರೆಂಟು ಹೋದರೆ ಊಟ

ಇನ್ನು ಮಗ್ಗದವರ ಪಾಡು. ಮನೆಯ ಮುಂಭಾಗ ಮಗ್ಗ, ಹಿಂಭಾಗ ಸಂಸಾರ. ಕರೆಂಟು ಇದ್ದಷ್ಟು ಹೊತ್ತು ಸೀರೆ, ಕರೆಂಟು ಹೋದರೆ ಊಟ. ಒಂದು ದಿನ ಹನ್ನೊಂದಕ್ಕೆ, ಒಂದು ದಿನ ನಾಲ್ಕಕ್ಕೆ. ನಡುವೆ ಹಸಿವು ಮುರಿಯಲು ಐದಾರು ಟೀ, ಪ್ರತಿ ಟೀಗೂ ಎರಡು ಚಮಚ ಸಕ್ಕರೆ. ದಿನಕ್ಕೆ ಒಬ್ಬರಿಗೆ 25 ಗ್ರಾಂ ಸಕ್ಕರೆ ಮೀರಬಾರದು ಅಂತಿದ್ದರೆ, ಇವರದ್ದು ಮಧ್ಯಾಹ್ನಕ್ಕೆ ಮುಂಚೆಯೇ ಮುಗಿದಿರುತ್ತದೆ.

"ಸಕ್ಕರೆ ಕಾಯಿಲೆ ಬಂದಮೇಲೆ ಅನ್ನ ಬಿಟ್ಟು ಮುದ್ದೆ ಹಿಡಿದೆ, ಆದ್ರೂ ಇಳೀಲಿಲ್ಲ" ಎಂದರು ಒಬ್ಬ ಹಿರಿಯ ನೇಕಾರರು. ಎಷ್ಟು ಮುದ್ದೆ ಯಜಮಾನ್ರೇ ಎಂದು ಕೇಳಿದರೆ ಎರಡು ಕೈ ಸೇರಿಸಿ ತೋರಿಸಿದರು, ಎರಡು ಮುದ್ದೆ! ರಾಗಿ ಒಳ್ಳೆಯದು ಅಂತ ಅಳತೆಯಿಲ್ಲದೆ ಉಣ್ಣುವುದು ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ. ನುಣ್ಣಗೆ ಬೀಸಿದ ರಾಗಿಯೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಮುದ್ದೆ ಚಿಕ್ಕದಾಗಬೇಕು, ಪಲ್ಯ ದೊಡ್ಡದಾಗಬೇಕು. ದೊಡ್ಡವರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎನ್ನುತ್ತದೆ ಹೈದರಾಬಾದಿನ ಲೆಕ್ಕ. ನಮ್ಮ ತಟ್ಟೆಯಲ್ಲಿ ಪಲ್ಯ ಉಪ್ಪಿನಕಾಯಿಯ ಜಾಗದಲ್ಲಿ ಕೂತಿರುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮಗ್ಗದ ಬೀದಿಯಲ್ಲಿ ಅದನ್ನು ನಂಬಲು ಅಧ್ಯಯನವೇ ಬೇಕಿಲ್ಲ.

ಹಣ್ಣು ಅಂದರೆ ಸೇಬು ಅಂತ ತಿಳಿಯಬೇಡಿ. ಸೀಬೆ, ಪರಂಗಿ, ಬಾಳೆ ಸಾಕು. ದೇವನಹಳ್ಳಿಯ ಚಕ್ಕೋತ ಜಿಐ ಗುರುತು ಪಡೆದ ಹಣ್ಣು, ಸಿ ವಿಟಮಿನ್ನಿನ ಗಣಿ, ಊರಿನವರಿಗೇ ಮರೆತುಹೋಗುತ್ತಿದೆ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಮಾತ್ರ ಚಕ್ಕೋತಕ್ಕೆ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ಕೆಲವು ಮಾತ್ರೆಗಳಿಗೂ ಅದಕ್ಕೂ ಆಗಿಬರುವುದಿಲ್ಲ.

ಅಂಗಡಿಯವರಿಗೆ ಒಂದು ಮಾತು

ಶಾಲೆ ಪಕ್ಕದ ಅಂಗಡಿಗಳ ಮುಂದೆ ಐದು ರೂಪಾಯಿ ಪೊಟ್ಟಣಗಳು ತೋರಣದ ಹಾಗೆ ತೂಗುತ್ತವೆ. ಪರಿಚಯದ ಅಂಗಡಿಯವರೊಬ್ಬರು ಮುಚ್ಚುಮರೆ ಇಲ್ಲದೆ ಹೇಳಿದರು: "ಅಕ್ಕಿ ಬೇಳೇಲಿ ಏನೂ ಗಿಟ್ಟಲ್ಲ ಸಾರ್. ಬಾಡಿಗೆ ಕಟ್ಟೋದೇ ಈ ಪ್ಯಾಕೆಟ್ಟು. ಬೇಜಾರೇನಂದ್ರೆ ನನ್ನ ಮಗಾನೂ ಇದನ್ನೇ ಕಿತ್ಕೊಂಡ್ ತಿಂತಾನೆ, ಊಟ ಬೇಡ ಅಂತಾನೆ." ಇವರನ್ನು ಬೈಯುವುದು ಸುಲಭ, ಬಾಡಿಗೆ ಕಟ್ಟುವವರು ಯಾರು? ನಾನು ಕೇಳಿದ್ದು ಇಷ್ಟೆ: ಅದೇ ಸಾಲಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಕಡಲೆಬೀಜ, ಹುರಿಗಡಲೆ, ಕಡ್ಲೆ ಮಿಠಾಯಿ ಐದು ರೂಪಾಯಿಗೆ ಕಟ್ಟಿ ತೂಗುಹಾಕಿ. ಯೋಚನೆ ಮಾಡ್ತೀನಿ ಅಂದರು. ಪೊಟ್ಟಣದ ಹಿಂದೆ ಸೋಡಿಯಂ ಅಂತ ಬರೆದಿರುತ್ತದೆ, 400 ಮಿಲಿಗ್ರಾಂ ಇದ್ದರೆ ಒಂದು ಗ್ರಾಂ ಉಪ್ಪು ಎಂದು ಲೆಕ್ಕ. ದೊಡ್ಡವರಿಗೇ ದಿನಕ್ಕೆ ಐದು ಗ್ರಾಂ ಮಿತಿ, ಅಂದರೆ ಒಂದು ಟೀ ಚಮಚ, ಸಾರು ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ.

ಅಂಗಡಿಯವರ ಸ್ವಂತ ಊಟವೂ ಮಗ್ಗದವರ ಊಟದ ತಮ್ಮನೇ. ಗಿರಾಕಿ ಇದ್ದರೆ ಊಟವಿಲ್ಲ, ನಾಲ್ಕು ಗಂಟೆಗೆ ಎದುರಿನ ಗಾಡಿಯಿಂದ ಬೋಂಡ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ವಿಷವಾಗುತ್ತದೆಂದು 2018ರ ಜುಲೈ 1ರಿಂದ ಅದಕ್ಕೊಂದು ಕಾನೂನು ಮಿತಿಯೇ ಬಂದಿದೆ. ಗಾಡಿಯ ಬಾಣಲಿ ಅಳೆಯಲು ಯಾರೂ ಬರುವುದಿಲ್ಲ, ಎಣ್ಣೆಯ ಬಣ್ಣ ನಿಮ್ಮ ಕಣ್ಣಿಗೇ ಕಾಣುತ್ತದೆ. ಹೊಸಕೋಟೆಯ ಬಿರಿಯಾನಿಗೆ ನಸುಕಿನಲ್ಲೇ ಕಾರು ಕಟ್ಟಿಕೊಂಡು ಬರುವವರಿಗೆ ಏನೂ ಹೇಳಲಾರೆ, ವಾರಕ್ಕೊಂದು ದಿನ ಹಬ್ಬ ಇರಲಿ. ದಿನಾ ಹಬ್ಬ ಮಾಡಿದರೆ ಕಷ್ಟ.

ಮಕ್ಕಳ ಪಾಲಿಗೆ ಸರ್ಕಾರಿ ಶಾಲೆಯೇ ಮೇಲು ಅನ್ನಿಸುವ ಕಾಲ ಬಂದಿದೆ. 2013ರಿಂದ ಹಾಲು, 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟು, ಅದೇ ವರ್ಷ ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಶುರುವಾಯಿತು. ಫೀಸು ಕಟ್ಟಿ ಕಾನ್ವೆಂಟಿಗೆ ಕಳಿಸುವವರ ಮಗುವಿನ ಡಬ್ಬಿಯಲ್ಲಿ ಬ್ರೆಡ್ಡು ಜಾಮು.

ಹದಿನೈದು ದಿನ ಬಿಟ್ಟು ಅದೇ ಬಸ್ ನಿಲ್ದಾಣಕ್ಕೆ ಮತ್ತೆ ಹೋಗಿದ್ದೆ. ಆ ತಾಯಿ ಸಿಕ್ಕರು. ಮಾತ್ರೆ ಈಗ ರಾತ್ರಿ ಮಲಗುವ ಮುಂಚೆ ನಿಂಬೆ ನೀರಿನಲ್ಲಿ. ಹುರಿಹಿಟ್ಟನ್ನು ಅತ್ತೆಯೇ ಮಾಡಿಕೊಟ್ಟರಂತೆ. "ಇಷ್ಟು ದಿನ ಕೇಳೇ ಇಲ್ಲವಲ್ಲೇ ನೀನು ಅಂದ್ರು." ಸುಸ್ತು ಕಮ್ಮಿ ಆಯ್ತಾ ಎಂದೆ. "ಅಷ್ಟು ಬೇಗ ಎಲ್ಲಣ್ಣ? ಮೂರು ತಿಂಗಳಿಗೆ ಮತ್ತೆ ರಕ್ತ ನೋಡ್ತಾರಂತೆ." ಡಬ್ಬಿಯಲ್ಲಿ ಏನು ಎಂದು ಕೇಳುವಷ್ಟರಲ್ಲಿ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಕೂಗಿ ಹೇಳಿದರು:

"ಚಿತ್ರಾನ್ನಾನೇ ಕಣಣ್ಣ! ಹುರುಳಿ ಪಲ್ಯಾನೂ ಐತೆ!"