ಮನೆಯೊಳಗಿನ ಪಂಕ್ತಿಭೇದ

ನಮ್ಮ ಶಿರಾಳಕೊಪ್ಪದ ಸಮೀಪದಲ್ಲಿರುವ ಬಳ್ಳಿಗಾವಿಯ ಕೋಡಿಯ ಮಠವು ವಿದ್ಯೆಯೊಂದಕ್ಕೇ ಪ್ರಸಿದ್ಧವಾಗಿದ್ದುದಲ್ಲ. ಕ್ರಿ. ಶ. 1162ರ ಶಾಸನವು ಅದನ್ನು ಕುಂಟರು, ಕುರುಡರು, ಕಿವುಡರು ಮೊದಲಾದ ದೀನರಿಗೆ ಅನ್ನವಿಕ್ಕುವ ಸ್ಥಾನವೆಂದೂ, ಅನಾಥರಾದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ವರ್ಣಿಸಿದೆ. ಇಂತಹ ಸೀಮೆಯವರಾದ ನಾವು, ಎಚ್‌.ಐ.ವಿ. ಸೋಂಕು ತಗುಲಿದ ಸ್ವಂತ ಮನೆಯವರಿಗೇ ಬೇರೆ ತಟ್ಟೆ, ಬೇರೆ ಲೋಟಗಳನ್ನಿಡುವುದು ಯೋಗ್ಯವೇ ಎಂಬುದನ್ನು ಗೃಹಸ್ಥರು ವಿಚಾರಿಸಬೇಕು.

ಈ ವೈರಾಣುವು ಸಹಭೋಜನದಿಂದಾಗಲಿ, ಸ್ಪರ್ಶದಿಂದಾಗಲಿ, ಸೊಳ್ಳೆಯ ಕಡಿತದಿಂದಾಗಲಿ ಹರಡತಕ್ಕದ್ದಲ್ಲ. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರು ಬಳಸಿದ ಸೂಜಿ, ತಾಯಿಯಿಂದ ಶಿಶುವಿಗೆ ಸಾಗುವಿಕೆ, ಇವೇ ಅದರ ಮಾರ್ಗಗಳು. ಆದಕಾರಣ ಕಾಂಡೋಮ್‌, ಹೊಸ ಸೂಜಿ, ಪರೀಕ್ಷಿಸಿದ ರಕ್ತ ಇವುಗಳಿಂದ ಅದನ್ನು ತಡೆಯಬಹುದು; ತಟ್ಟೆಯನ್ನು ಬೇರ್ಪಡಿಸುವುದರಿಂದ ತಡೆಯುವುದೇನೂ ಇಲ್ಲ. ಅದರ ಫಲವಾದರೋ ವಿಪರೀತವೇ ಸರಿ. ಅವಮಾನಕ್ಕೆ ಅಂಜಿದವರು ಪರೀಕ್ಷೆಗೆ ಹೋಗರು, ಪರೀಕ್ಷೆಯಿಲ್ಲದವರಿಗೆ ಚಿಕಿತ್ಸೆಯಿಲ್ಲ, ಚಿಕಿತ್ಸೆಯಿಲ್ಲದೆಡೆ ಸೋಂಕು ಯಾರ ಅರಿವಿಗೂ ಬಾರದೆ ಮುಂದಕ್ಕೆ ಸಾಗುವುದು.

2004ರಿಂದ ಸರಕಾರವು ಎ.ಆರ್‌.ಟಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. ನಮ್ಮ ಜಿಲ್ಲೆಯವರಿಗೆ ಶಿವಮೊಗ್ಗದ ಮೆಗ್ಗಾನ್‌ ಆಸ್ಪತ್ರೆಯಲ್ಲಿ ಅದರ ಕೇಂದ್ರವಿದೆ. ಈ ಮಾತ್ರೆಗಳು ಸೋಂಕನ್ನು ನಿರ್ಮೂಲ ಮಾಡಲಾರವು. ಆದರೆ ದಿನವೂ ತಪ್ಪದೆ ಸೇವಿಸಿದಲ್ಲಿ ವೈರಾಣುವು ರಕ್ತಪರೀಕ್ಷೆಗೂ ಕಾಣದಷ್ಟು ಕುಗ್ಗುವುದು. ಆ ಸ್ಥಿತಿಯು ಸ್ಥಿರವಾಗಿರುವವರೆಗೆ ದಂಪತಿಗಳ ಸಂಪರ್ಕದಲ್ಲಿ ಒಬ್ಬರಿಂದೊಬ್ಬರಿಗೆ ಹರಡದು. ಚಿಕಿತ್ಸೆಯಿಲ್ಲದಿದ್ದರೆ ಸೋಂಕುಳ್ಳ ತಾಯಂದಿರ 100 ಶಿಶುಗಳಲ್ಲಿ 15ರಿಂದ 45 ಶಿಶುಗಳಿಗೆ ಅದು ತಗುಲಬಹುದು. ಗರ್ಭಿಣಿಯನ್ನು ಮೊದಲೇ ಪರೀಕ್ಷಿಸಿ, ತಾಯಿಗೂ ಮಗುವಿಗೂ ಸಕಾಲದಲ್ಲಿ ಔಷಧ ಕೊಟ್ಟರೆ ಈ ಸಂಖ್ಯೆ 5ಕ್ಕಿಂತಲೂ ಕೆಳಗಿಳಿಯುವುದು. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದವರು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗನೆ, ವೈದ್ಯರನ್ನು ಕಂಡರೆ ತಡೆಯುವ ಔಷಧವುಂಟು.

2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್‌ 10ರಿಂದ ಜಾರಿಗೆ ಬಂದ ಕಾಯಿದೆಯು, ಶಾಲೆ, ಉದ್ಯೋಗ, ಬಾಡಿಗೆಮನೆ, ಆಸ್ಪತ್ರೆಗಳಲ್ಲಿ ಸೋಂಕಿತರ ವಿಷಯದಲ್ಲಿ ಭೇದವೆಣಿಸುವುದನ್ನು ನಿಷೇಧಿಸಿದೆ. ಆದರೆ ಅಡಿಗೆಮನೆಯೊಳಕ್ಕೆ ಯಾವ ಕಾಯಿದೆ ತಾನೇ ಬಂದೀತು? ಅಲ್ಲಿಯ ನ್ಯಾಯವು ನಮ್ಮ ಕೈಯಲ್ಲಿದೆ. ಮಾತ್ರೆಯ ವೇಳೆಯನ್ನು ನೆನಪಿಸುವುದು, ಆಸ್ಪತ್ರೆಯ ದಿನ ಬಸ್ಸಿನಲ್ಲಿ ಜೊತೆಗೆ ಹೋಗುವುದು, ಅವರ ಗುಟ್ಟನ್ನು ನೆರೆಹೊರೆಯವರ ಕಿವಿಗೆ ಹಾಕದಿರುವುದು, ಇವು ಮನೆಯವರ ಕರ್ತವ್ಯಗಳು. ಸಂದೇಹವುಳ್ಳವರು ಹೆಸರನ್ನು ಹೇಳದೆಯೇ 1097ಕ್ಕೆ ದೂರವಾಣಿ ಮಾಡಿ ಕೇಳಿಕೊಳ್ಳಬಹುದು.

ಪಂಕ್ತಿಭೇದವನ್ನು ಹಿರಿಯರು ದೋಷವೆಂದೆಣಿಸಿದರು. ವಾಚಕರೆ, ರೋಗಪೀಡಿತರ ಎಲೆಯನ್ನು ಎಲ್ಲರ ಸಾಲಿನಲ್ಲಿಯೇ ಹಾಕಿರಿ.