ಒಂಟಿಗಾಲಿ ಸೈಕಲಿನ ಡಿಸ್ಕ್ ಬ್ರೇಕಿಗೆ ಮನೆಯಲ್ಲಿ ಮಾಡುವ ಕವಚ

ಒಂಟಿಗಾಲಿ ಸೈಕಲ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಸರ್ಕಸ್ಸು. ಭಾರತೀಯ ಸರ್ಕಸ್ಸಿನ ತವರೆನಿಸಿದ ತಲಶ್ಶೇರಿಯು ಕಾಸರಗೋಡಿನ ಶಾಲೆಗಳಿಗೆ ದೂರದ ಊರೇನೂ ಅಲ್ಲ. ಆದರೆ ಈ ವಾಹನವು ಡೇರೆಯ ಸಮತಟ್ಟಾದ ನೆಲವನ್ನು ಬಿಟ್ಟು ಬೆಟ್ಟದ ಹಾದಿಗೆ ಇಳಿದು ಕೆಲವು ದಶಕಗಳೇ ಆದವು. ಕೆನಡಾದ ಕ್ರಿಸ್ ಹೋಮ್ ಮೊದಲಾದವರು ಕಲ್ಲುಬಂಡೆಗಳ ಇಳಿಜಾರಿನಲ್ಲಿ ಇದನ್ನು ನಡೆಸಿ ತೋರಿಸಿದರು. ದಪ್ಪ ಟೈರು, ಗಟ್ಟಿಯಾದ ಕ್ರ್ಯಾಂಕು ಮತ್ತು ಕಾಲಕ್ರಮದಲ್ಲಿ ಡಿಸ್ಕ್ ಬ್ರೇಕು ಇದಕ್ಕೆ ಸೇರಿಕೊಂಡವು. ಆ ಬ್ರೇಕನ್ನು ಕಾಪಾಡಲು ಸವಾರರು ತಾವೇ ಕತ್ತರಿಸಿ ಜೋಡಿಸಿಕೊಳ್ಳುವ ಕವಚವು ಪ್ರೌಢಶಾಲೆಯಲ್ಲಿ ವಿವರಣಾತ್ಮಕ ಗದ್ಯವನ್ನು ಕಲಿಸಲು ಉತ್ತಮ ವಸ್ತುವೆಂಬುದು ನನ್ನ ಅಭಿಪ್ರಾಯ. ಘರ್ಷಣೆ, ಶಕ್ತಿ, ಉಷ್ಣ ಎಂಬ ಮೂರು ವಿಜ್ಞಾನ ಪಾಠಗಳೂ ಇದರಲ್ಲಿ ಅಡಗಿವೆ.

ಮೊದಲು ಮಕ್ಕಳು ಗ್ರಹಿಸಬೇಕಾದ ಸಂಗತಿಯೊಂದಿದೆ. ಒಂಟಿಗಾಲಿ ಸೈಕಲಿನಲ್ಲಿ ಸರಪಳಿ ಇಲ್ಲ. ಕ್ರ್ಯಾಂಕು ನೇರವಾಗಿ ಚಕ್ರದ ಗುಂಬಕ್ಕೆ ಬಿಗಿದಿರುತ್ತದೆ. ಚಕ್ರ ತಿರುಗಿದಷ್ಟು ಕಾಲವೂ ಪೆಡಲು ತಿರುಗಲೇಬೇಕು. ಆದ್ದರಿಂದ ಇಳಿಜಾರಿನಲ್ಲಿ ವೇಗವನ್ನು ತಡೆಯುವ ಭಾರವೆಲ್ಲ ಸವಾರನ ತೊಡೆ, ಮಂಡಿಗಳ ಮೇಲೆ ಬೀಳುತ್ತದೆ. ಬ್ರೇಕು ಆ ಭಾರವನ್ನು ಹಗುರಗೊಳಿಸುತ್ತದೆ. ಸಾಮಾನ್ಯವಾಗಿ 160 ಮಿಲಿಮೀಟರ್ ವ್ಯಾಸದ, ಹೊಸದರಲ್ಲಿ ಸುಮಾರು 1.8 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆಯೊಂದು ಚಕ್ರದೊಡನೆ ತಿರುಗುತ್ತದೆ. ಚೌಕಟ್ಟಿಗೆ ಕೂಡಿಸಿದ ಕ್ಯಾಲಿಪರಿನೊಳಗಿನ ಎರಡು ಪ್ಯಾಡುಗಳು ಅದನ್ನು ಇಕ್ಕಡೆಯಿಂದ ಒತ್ತುತ್ತವೆ. ಈ ತಟ್ಟೆಯು ಕೆಲವು ಸೈಕಲುಗಳಲ್ಲಿ ಚೌಕಟ್ಟಿನ ಒಳಗೆ ಗುಂಬಕ್ಕೆ ಅಂಟಿಕೊಂಡಿರುತ್ತದೆ, ಕೆಲವುಗಳಲ್ಲಿ ಚೌಕಟ್ಟಿನ ಕಾಲಿಗೂ ಕ್ರ್ಯಾಂಕಿಗೂ ನಡುವೆ ಹೊರಗಿರುತ್ತದೆ. ಹೊರಗಿರುವ ತಟ್ಟೆಗೆ ಅಪಾಯ ಹೆಚ್ಚು. ಸವಾರ ಜಿಗಿದು ಇಳಿದೊಡನೆ ಸೈಕಲು ಕಲ್ಲಿನ ಮೇಲೆ ಮಗುಚುತ್ತದೆ, ತಟ್ಟೆಯ ಅಂಚಿಗೆ ಪೆಟ್ಟು ಬೀಳುತ್ತದೆ. ಪ್ಯಾಡಿಗೂ ತಟ್ಟೆಗೂ ನಡುವಣ ಸಂದು ಒಂದು ಮಿಲಿಮೀಟರಿಗೂ ಕಡಿಮೆಯಾದುದರಿಂದ ಅಲ್ಪ ಬಾಗುವಿಕೆಯೂ ಸುತ್ತಿಗೊಮ್ಮೆ ಉಜ್ಜುತ್ತದೆ.

ಕವಚವು ತಟ್ಟೆಯನ್ನು ಕಲ್ಲಿನಿಂದ ಕಾಪಾಡುವಂತೆ ಮನುಷ್ಯನನ್ನು ತಟ್ಟೆಯಿಂದಲೂ ಕಾಪಾಡುತ್ತದೆ. 2016ರ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಸ್ಪೇನಿನ ಫ್ರಾನ್ ವೆಂಟೋಸೋ ಅವರ ಕಾಲಿಗೆ ಆಳವಾದ ಗಾಯವಾಯಿತು. ಡಿಸ್ಕೇ ಅದಕ್ಕೆ ಕಾರಣವೆಂದು ಅವರು ಹೇಳಿದರು. ಎಲ್ಲರೂ ಅದನ್ನು ಒಪ್ಪಲಿಲ್ಲ. ಆದರೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ರಸ್ತೆ ಸ್ಪರ್ಧೆಗಳಲ್ಲಿ ನಡೆಯುತ್ತಿದ್ದ ಡಿಸ್ಕ್ ಬ್ರೇಕಿನ ಪ್ರಯೋಗವನ್ನು ತಡೆಹಿಡಿಯಿತು. ಮರಳಿ ಅವಕಾಶ ಕೊಟ್ಟಾಗ ತಟ್ಟೆಯ ಅಂಚು ದುಂಡಾಗಿರಬೇಕೆಂದಿತು. ಗಾಯಕ್ಕಿಂತಲೂ ನನಗೆ ಹೆಚ್ಚು ಭಯ ಹುಟ್ಟಿಸುವುದು ತಟ್ಟೆಯ ರಂಧ್ರಗಳು. ತಿರುಗುವ ಚಕ್ರದ ಬಳಿ ಮಗು ಬೆರಳು ಚಾಚಿತೆಂದರೆ ರಂಧ್ರದ ಅಂಚು ಕತ್ತರಿಯಂತೆ ಕೆಲಸ ಮಾಡುತ್ತದೆ. ಮೋಟಾರ್ ಸೈಕಲಿನ ಸೀರೆ ಗಾರ್ಡನ್ನು ಬಲ್ಲ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ತಟ್ಟೆಯನ್ನು ಪೂರ್ತಿಯಾಗಿ ಡಬ್ಬಿಯಂತೆ ಮುಚ್ಚಿಬಿಡಬಾರದೇಕೆ? ಇದನ್ನು ತರಗತಿಯಲ್ಲಿ ಲೆಕ್ಕ ಹಾಕಿಸಬೇಕು. ಸವಾರನೂ ಸೈಕಲೂ ಸೇರಿ 75 ಕಿಲೋಗ್ರಾಂ ಇರಲಿ, ಇಳಿಯುವ ಎತ್ತರ 100 ಮೀಟರ್ ಇರಲಿ. 75 × 9.8 × 100 ಎಂದರೆ 73,500 ಜೂಲ್. ತಟ್ಟೆಯ ತೂಕ 120 ಗ್ರಾಂ. ಒಂದು ಗ್ರಾಂ ಉಕ್ಕನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಅರ್ಧ ಜೂಲ್ ಬೇಕು, ಅಂದರೆ ಇಡೀ ತಟ್ಟೆಗೆ ಡಿಗ್ರಿಗೆ 60 ಜೂಲ್. ಎಲ್ಲ ಶಕ್ತಿಯೂ ಅಲ್ಲಿಯೇ ಉಳಿದರೆ ಉಷ್ಣತೆ ಸುಮಾರು 1,200 ಡಿಗ್ರಿ ಏರಬೇಕಾಗುತ್ತದೆ! ವಾಸ್ತವದಲ್ಲಿ ಹಾಗಾಗುವುದಿಲ್ಲ. ಸವಾರನ ಕಾಲು ಒಂದಿಷ್ಟನ್ನು ತಡೆಯುತ್ತದೆ, ಬೀಸುವ ಗಾಳಿ ಬಹುಪಾಲು ಉಷ್ಣವನ್ನು ಒಯ್ಯುತ್ತದೆ. ಆ ಗಾಳಿಗೆ ದಾರಿ ಬಿಡದ ಕವಚವು ಬ್ರೇಕಿನ ಹಿಡಿತವನ್ನೇ ಕೆಡಿಸುತ್ತದೆ. ಹೀಗಾಗಿ ಕವಚಕ್ಕೆ ಕಿಂಡಿಗಳಿರಬೇಕು. ಆದರೆ ಅವು ಮಗುವಿನ ಬೆರಳಿಗಿಂತ ಕಿರಿದಾಗಿರಬೇಕು.

ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಯು ಇದಕ್ಕೆ ಒದಗಿಬರುವ ವಸ್ತು. ಅದು ಪಾಲಿಥಿಲೀನ್, ಪೆಟ್ಟಿಗೆ ಒಡೆಯದೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಸಾಮಾನ್ಯ ಗರಗಸಕ್ಕೆ ಬಗ್ಗುತ್ತದೆ. ಆದರೆ ಸುಮಾರು 130 ಡಿಗ್ರಿಯಲ್ಲಿ ಕರಗುವುದರಿಂದ ತಟ್ಟೆಗೆ ತಾಗದಂತೆ ಅಂತರ ಬಿಡಬೇಕು. ಕುದಿನೀರು ಹೊಯ್ದರೆ ಮುದುಡುವ ಬಾಟಲಿಯ ಪ್ಲಾಸ್ಟಿಕ್ ಖಂಡಿತ ಬೇಡ. ಮೊದಲು ರಟ್ಟಿನಲ್ಲಿ ಲಾಳದ ಆಕಾರದ ಮಾದರಿಯನ್ನು ಕತ್ತರಿಸಿ, ಕ್ಯಾಲಿಪರು ಇರುವ ಭಾಗವನ್ನು ತೆರೆದಿಟ್ಟು, ತಟ್ಟೆಯ ಕೆಳ ಅಂಚನ್ನು ಮರೆಮಾಡುವಂತೆ ಹಿಡಿದು ನೋಡಬೇಕು. ಬೇರಿಂಗಿನ ಟೊಪ್ಪಿಗೆಯ ಬೋಲ್ಟುಗಳಿಗೆ ಕವಚವನ್ನು ಸಿಕ್ಕಿಸುವುದು ಸುಲಭವಾಗಿ ಕಂಡರೂ ಅಲ್ಲೊಂದು ತೊಡಕಿದೆ: ಬೋಲ್ಟನ್ನು ಅತಿಯಾಗಿ ಬಿಗಿದರೆ ಬೇರಿಂಗು ಅದುಮಿ ಚಕ್ರವೇ ಬಿಗಿಯುತ್ತದೆ, ಸಡಿಲ ಬಿಟ್ಟರೆ ಕವಚ ಜಾರುತ್ತದೆ. ಕೈಯಿಂದ ತಿರುಗಿಸಿದ ಚಕ್ರ ಮೊದಲಿನಷ್ಟೇ ಸಲೀಸಾಗಿ ಸುತ್ತುತ್ತಿರಬೇಕು.

ತಗಡು ಇನ್ನೂ ಗಟ್ಟಿಯಲ್ಲವೇ ಎಂದು ಯಾವನಾದರೂ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಕೇಳಲಿ. ಪೆಟ್ಟು ತಿಂದ ತಗಡು ಒಳಕ್ಕೆ ಬಾಗಿ ಹಾಗೆಯೇ ಉಳಿಯುತ್ತದೆ, ತಟ್ಟೆಗೂ ಕ್ಯಾಲಿಪರಿಗೂ ನಡುವೆ ಸಿಕ್ಕಿ ಚಕ್ರವನ್ನು ಥಟ್ಟನೆ ನಿಲ್ಲಿಸಬಲ್ಲದು. ಎರಡು ಚಕ್ರದ ಸೈಕಲಿನಲ್ಲಿ ಹಿಂಚಕ್ರ ನಿಂತರೆ ಜಾರುತ್ತದೆ. ಇಲ್ಲಿ ಇರುವುದೇ ಒಂದು ಚಕ್ರ, ಅದು ನಿಂತರೆ ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಸಿಕ್ಕಿಹಾಕಿಕೊಳ್ಳುವ ಕವಚಕ್ಕಿಂತ ಕವಚವಿಲ್ಲದಿರುವುದೇ ಮೇಲು. ಆದುದರಿಂದ ಸವಾರಿಗೆ ಮುನ್ನ ಹೆಬ್ಬೆರಳಿನಿಂದ ಕವಚವನ್ನು ಬಲವಾಗಿ ಒತ್ತಬೇಕು. ಆಗಲೂ ಅದು ತಟ್ಟೆಗೆ ತಾಗಕೂಡದು. ಈ ಪರೀಕ್ಷೆಯನ್ನು ಚಕ್ರ ನಿಂತಿರುವಾಗ ಮಾತ್ರ ಮಾಡಬೇಕು. ಗರಗಸದ ಪುಡಿಯನ್ನು ಒರೆಸುವಾಗ ಎಣ್ಣೆಯ ಬಟ್ಟೆಯನ್ನು ಬಳಸಕೂಡದು, ಎಣ್ಣೆ ಹೀರಿದ ಪ್ಯಾಡು ಹಿಡಿಯುವುದಿಲ್ಲ.

ಬರವಣಿಗೆಯ ಅಭ್ಯಾಸಕ್ಕೆ ಒಂಟಿಗಾಲಿ ಸೈಕಲನ್ನು ಹುಡುಕುತ್ತ ಹೋಗಬೇಕಾಗಿಲ್ಲ. ಶಾಲೆಯ ಎದುರಿನ ಸೈಕಲ್ ಅಂಗಡಿಯ ಯಾವುದೇ ಸೈಕಲಿನ ಸರಪಳಿ ಕವಚವನ್ನು ನೋಡಿ ಬಂದು, ಅದನ್ನು ಬಿಚ್ಚಿ ಮತ್ತೆ ಜೋಡಿಸುವ ಕ್ರಮವನ್ನು ಬರೆಯಲಿ. “ಬಿಗಿಯಾಗಿ ಕಟ್ಟಬೇಕು” ಎಂದು ಬರೆದವರನ್ನು “ಎಷ್ಟು ಬಿಗಿ? ಹೇಗೆ ತಿಳಿಯುವುದು?” ಎಂದು ಕೇಳಿರಿ. ಬೇರಿಂಗು, ಕ್ರ್ಯಾಂಕು, ನಟ್ಟು ಎಂಬ ಮಾತುಗಳನ್ನು ತಿದ್ದಬೇಡಿರಿ. ಅಂಗಡಿಯಾತನು ಮಲಯಾಳಿಯಾಗಲಿ ತೆಲುಗನಾಗಲಿ ಮರಾಠಿಗನಾಗಲಿ, ಅವನೂ ಅದನ್ನೇ ಹೇಳುತ್ತಾನೆ. ಬರೆದುದನ್ನು ಇನ್ನೊಬ್ಬ ವಿದ್ಯಾರ್ಥಿಯ ಕೈಗಿತ್ತು, ಅದರಂತೆಯೇ ಜೋಡಿಸಲು ಹೇಳಿರಿ. ಎಲ್ಲಿ ಅವನ ಕೈ ನಿಲ್ಲುತ್ತದೆಯೋ ಆ ವಾಕ್ಯದ ಕೆಳಗೆ ಗೆರೆ ಎಳೆಯಿಸಿರಿ.